ದೇವಪ್ಪನ ಜೀಪು, ಉಸ್ತಾದರ ಕಿವಿ

ಗಾಡಿ ರಿಪೇರಿ ಕಲಿಯಲು ಐಟಿಐ ಸೇರಿದ ಹುಡುಗರು, ಈಗೀಗ ಒಬ್ಬಿಬ್ಬರು ಹುಡುಗಿಯರೂ, ಮಸ್ಕಿಯ ನಮ್ಮ ಮನೆಗೆ ಬಂದಾಗ ಕೇಳುವುದು ಒಂದೇ ಮಾತು. "ಅಮ್ಮಾರೆ, ಲ್ಯಾಪ್‌ಟಾಪ್ ಹಚ್ಚಿ ನೋಡೋದು ಇಲ್ಲದಾಗ ಎಂಜಿನ್ನಿನ್ಯಾಗ ಏನು ಕೆಟ್ಟೈತಿ ಅಂತ ಹೆಂಗ ಗೊತ್ತಾಗ್ತಿತ್ರೀ?" ಕೈಯಿಂದ, ಮೂಗಿನಿಂದ, ಎಲ್ಲಕ್ಕಿಂತ ಹೆಚ್ಚು ಕಿವಿಯಿಂದ ಅಂದರೆ ನಗುತ್ತಾರೆ. ನಗಲಿ. ಮೊದಲು ಕೇಳಿದಾಗ ನಾನೂ ನಕ್ಕವಳೇ. ಆದರೆ ಬಂದವರಿಗೆಲ್ಲ ಚಹಾ ಕೊಟ್ಟು ಅರ್ಧಂಬರ್ಧ ಹೇಳಿ ಕಳಿಸುವುದಕ್ಕಿಂತ, ಒಮ್ಮೆ ಕೂತು ಬರೆದುಬಿಟ್ಟರೆ ಒಳ್ಳೆಯದು ಅನ್ನಿಸಿದೆ.

ನನ್ನ ಹೆಸರು ಬಸಮ್ಮ. ಸಿಂಧನೂರಿನಲ್ಲಿ ಕಾಲುವೆ ಇಲಾಖೆಯ ಗಾಡಿಗಳನ್ನು ದುರಸ್ತಿ ಮಾಡುವ ವರ್ಕ್‌ಶಾಪಿಗೆ ಹೆಲ್ಪರ್ ಆಗಿ ಸೇರಿ, ಮೆಕ್ಯಾನಿಕ್ ಆಗಿ ನಿವೃತ್ತಳಾದೆ. ನಡುವೆ ಯಾವಾಗ ಯಾವ ಬಡ್ತಿ ಬಂತು ಎಂಬುದು ನನಗೇ ಸರಿಯಾಗಿ ನೆನಪಿಲ್ಲ, ನಿಮಗೆ ಅದರಿಂದ ಆಗಬೇಕಾದ್ದೂ ಇಲ್ಲ.

ಕೆಲಸ ಸಿಕ್ಕಿದ್ದು ಗಂಡ ಹೋದದ್ದರಿಂದ. ದೇವಪ್ಪ ಅದೇ ಇಲಾಖೆಯಲ್ಲಿ ಜೀಪು ಓಡಿಸುತ್ತಿದ್ದ. ಕಾಲುವೆ ದಂಡೆಯ ಮೇಲಿನ ಕಚ್ಚಾ ರಸ್ತೆಯಲ್ಲಿ ಎಂಜಿನಿಯರ್ ಸಾಹೇಬರನ್ನು ಕೂರಿಸಿಕೊಂಡು ದಿನವಿಡೀ ತಿರುಗುವುದು ಅವನ ಕೆಲಸ. ಕಾಮಾಲೆ ಆಗಿ, ಔಷಧಿ ನಾಟುವ ಮೊದಲೇ ತೀರಿಕೊಂಡ. ಮಗಳು ಸುಜಾತಾ ಆಗಿನ್ನೂ ಅಂಬೆಗಾಲು ಹಾಕುತ್ತಿದ್ದಳು. ಅನುಕಂಪದ ನೌಕರಿ ಕೊಡುತ್ತೇವೆ ಅಂದರು. ಆಫೀಸಿನಲ್ಲಿ ಜಾಗ ಖಾಲಿ ಇರಲಿಲ್ಲ, ವರ್ಕ್‌ಶಾಪಿನಲ್ಲಿ ಇತ್ತು. ಕೂಸನ್ನು ಅವ್ವನ ಮಡಿಲಿಗೆ ಹಾಕಿ, ಮಸ್ಕಿಯಿಂದ ಸಿಂಧನೂರಿನ ಬಸ್ಸು ಹತ್ತಿದೆ.

ವರ್ಕ್‌ಶಾಪಿನ ಹೆಡ್ ಮೆಕ್ಯಾನಿಕ್ ಮೌಲಾಸಾಬ್. ಲಿಂಗಸುಗೂರಿನವರು. ಎಲ್ಲರೂ ಅವರನ್ನು ಉಸ್ತಾದ್ ಅನ್ನುತ್ತಿದ್ದರು. ತೆಳ್ಳಗಿನ ಮನುಷ್ಯ, ದನಿ ಮಾತ್ರ ದೊಡ್ಡದು. ನಾನು ಹೋದ ದಿನ ಅಲ್ಲಿದ್ದ ಸೂಪರ್‌ವೈಜರ್ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಈಕಿ ಚಹಾ ಮಾಡ್ಕೊಂಡು, ಕಸ ಹೊಡ್ಕೊಂಡು ಇರ್ಲಿ ಬಿಡ್ರಿ ಉಸ್ತಾದ್" ಅಂದರು. ಉಸ್ತಾದರು ಯೋಚನೆ ಮಾಡಿ ಹೇಳಿದ ಉತ್ತರ ಇನ್ನೂ ಕಿವಿಯಲ್ಲಿದೆ.

"ಚಹಾ ಮಾಡಾಕ ಹೋಟೆಲ್ ಐತ್ರಿ ಎದುರಿಗೆ. ನನಗ ಪಾನಾ ಕೊಡೋ ಮಂದಿ ಬೇಕು."

ಪಾನಾ ಅಂದರೆ ನಟ್ಟು ಬಿಚ್ಚುವ ಸ್ಪ್ಯಾನರ್. ನನ್ನ ಮುಂದೆ ಒಂದು ಬುಟ್ಟಿ ನಟ್ಟು ಬೋಲ್ಟು, ಒಂದು ತಗಡಿನ ಡಬ್ಬಿ ಸೀಮೆಎಣ್ಣೆ ಇಟ್ಟರು. ತೊಳೆ ಅಂದರು. ತೊಳೆದೆ. ಒಂದೊಂದನ್ನೇ ಎತ್ತಿ ಇದರ ಹೆಸರೇನು, ಇದು ಎಲ್ಲಿ ಕೂಡುತ್ತದೆ ಎಂದು ಕೇಳುತ್ತಿದ್ದೆ. ಬೇಸರವಿಲ್ಲದೆ ಹೇಳುತ್ತಿದ್ದರು. ಹಾಗೆ ಕೇಳುತ್ತಿದ್ದುದಕ್ಕೆ ಒಂದು ಕಾರಣವಿತ್ತು. ದೇವಪ್ಪ ಊಟಕ್ಕೆ ಕೂತಾಗ ಇವೇ ಹೆಸರುಗಳನ್ನು ಹೇಳುತ್ತಿದ್ದ. ಕಮಾನು ಪಟ್ಟಿ ಮುರೀತು, ನೋಜಲ್ ಕಟ್ಟಿಕೊಂಡಿತ್ತು, ಗ್ಯಾಸ್ಕೆಟ್ ಹೋಯಿತು. ಆಗ ನಾನು ಹೂಂ ಹೂಂ ಅನ್ನುತ್ತ ರೊಟ್ಟಿ ಬಡಿಯುತ್ತಿದ್ದೆ. ಈಗ ಆ ಮಾತುಗಳ ಸಾಮಾನು ಒಂದೊಂದಾಗಿ ನನ್ನ ಕೈಗೆ ಬರುತ್ತಿತ್ತು, ಹೇಳಿದವನು ಇರಲಿಲ್ಲ.

ಉಸ್ತಾದರು ಕಿವಿಯಿಂದ ಕೆಲಸ ಮಾಡುವವರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಎಂಜಿನ್ನಿನ ಮೈಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಹಚ್ಚಿ ಸುಮ್ಮನೆ ನಿಲ್ಲುತ್ತಿದ್ದರು. ಡಾಕ್ಟರು ಎದೆಗೆ ಯಂತ್ರ ಇಟ್ಟ ಹಾಗೆ. ನನ್ನನ್ನೂ ಹಾಗೇ ನಿಲ್ಲಿಸುತ್ತಿದ್ದರು.

"ಏನು ಕೇಳಸ್ತದ?"

"ಗಡಗಡ ಅನ್ನಾಕತ್ತೈತ್ರಿ."

"ಗಡಗಡ ಅನ್ನೋದು ಬಸ್ಸಿನ್ಯಾಗ ಕುಂತ ಮಂದಿಗೆ. ನೀ ಮಿಸ್ತ್ರಿ ಆಗಾಕ ಬಂದೀದಿ. ಅದರೊಳಗ ಎಷ್ಟು ಸದ್ದು ಅದಾವ, ಬ್ಯಾರೆ ಬ್ಯಾರೆ ಮಾಡಿ ಹೇಳು."

ಬೇರೆ ಬೇರೆ ಮಾಡಿ ಕೇಳುವುದಕ್ಕೆ ನನಗೆ ಎರಡು ಮಳೆಗಾಲ ಹಿಡಿಯಿತು. ಒಂದು ದಿನ ಬೆಳಿಗ್ಗೆ ಅಂಗಳಕ್ಕೆ ಬಂದ ಜೀಪಿನ ಸದ್ದಿನಲ್ಲಿ, ಸಣ್ಣಗೆ, ಬಳೆಗೆ ಬಳೆ ತಾಗಿದಂಥ ಇನ್ನೊಂದು ಸದ್ದು ಕೇಳಿಸಿತು. "ಟ್ಯಾಪೆಟ್ ಸಡಲ ಆಗ್ಯಾವ್ರಿ" ಅಂದುಬಿಟ್ಟೆ. ಉಸ್ತಾದರು ತಮ್ಮ ಪಾನಾ ನನ್ನ ಕೈಗೆ ಕೊಟ್ಟು ಚಹಾ ಕುಡಿಯಲು ಹೋದರು. ಅಷ್ಟೇ ನನಗೆ ಸಿಕ್ಕ ಸರ್ಟಿಫಿಕೇಟು. ಆ ಜೀಪು ಯಾವುದೆಂದರೆ ದೇವಪ್ಪ ಓಡಿಸುತ್ತಿದ್ದದ್ದೇ. ಆಗ ಅದಕ್ಕೆ ಬೇರೆ ಡ್ರೈವರ್ ಬಂದಿದ್ದ.

ಆ ಜೀಪಿನ ಮೇಲೆ ನನಗೆ ಉಳಿದವಕ್ಕಿಂತ ಹೆಚ್ಚು ಕಾಳಜಿ ಇತ್ತು ಎಂಬುದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಅನ್ನಲಿಲ್ಲ. ಅದರ ಹತ್ತುವ ಮೆಟ್ಟಿಲು ಮುರಿದಾಗ ವೆಲ್ಡಿಂಗ್ ಮಾಡು ಎಂದು ನನಗೇ ಕೊಟ್ಟರು. ಅದು ನನ್ನ ಮೊದಲ ವೆಲ್ಡಿಂಗು. ಗಂಟುಗಂಟಾಗಿ, ಬೆಲ್ಲದ ಪಾಕ ಚೆಲ್ಲಿದ ಹಾಗೆ ಬಂತು. "ನೋಡಾಕ ಚಂದಿಲ್ಲ, ಆದ್ರ ಬಿಡಂಗಿಲ್ಲ" ಅಂದರು ಉಸ್ತಾದರು.

ಒಂದು ಸಲ ಮಳೆಗಾಲದಲ್ಲಿ, ಕೊನೆಯ ಭಾಗದ ಕಾಲುವೆ ಒಡೆದಿದೆ ಎಂದು ಸುದ್ದಿ ಬಂತು. ಎಂಜಿನಿಯರ್ ಸಾಹೇಬರು ಅದೇ ಜೀಪು ಹತ್ತಿ ಹೊರಟವರು ನಡುದಾರಿಯಲ್ಲಿ ಯರಿ ನೆಲದ ಕಪ್ಪು ಕೆಸರಿನಲ್ಲಿ ಹೂತುಕೊಂಡರು. ಉಸ್ತಾದರೂ ನಾನೂ ಇಲಾಖೆಯ ಟ್ರ್ಯಾಕ್ಟರ್ ಏರಿ ಹೋದೆವು. ನೋಡಿದರೆ ಚಕ್ರ ಹೂತದ್ದಷ್ಟೇ ಅಲ್ಲ, ಡೀಸೆಲ್ ಪೈಪಿಗೆ ಗಾಳಿ ಹೊಕ್ಕು ಎಂಜಿನ್ನೂ ನಿಂತಿತ್ತು. ಆಗಿನ ಸಾಹೇಬರು ಒಳ್ಳೆಯ ಮನುಷ್ಯ. ಪ್ಯಾಂಟು ಮಡಚಿ, ನನ್ನ ತಲೆಯ ಮೇಲೆ ಕೊಡೆ ಹಿಡಿದು ನಿಂತರು. ತಾವು ತೋಯುತ್ತ ನಿಂತಿದ್ದೇವೆ ಎನ್ನುವುದು ಅವರ ಲಕ್ಷ್ಯದಲ್ಲೇ ಇರಲಿಲ್ಲ.

ನಾನು ಗಾಡಿಯ ಕೆಳಗೆ ತೂರಿದೆ. ಪಕ್ಕದ ಗದ್ದೆಯಲ್ಲಿ ಭತ್ತ ನಾಟಿ ಮಾಡುತ್ತಿದ್ದ ಹೆಣ್ಣುಮಕ್ಕಳು ಜೀಪಿನ ಕೆಳಗಿನಿಂದ ಸೀರೆಯ ಅಂಚು ಹೊರಗೆ ಬಿದ್ದದ್ದು ನೋಡಿ ಓಡಿಬಂದರು. ಯಾರೋ ಗಾಡಿಯ ಕೆಳಗೆ ಸಿಕ್ಕಿದ್ದಾಳೆ ಅಂದುಕೊಂಡಿದ್ದರಂತೆ. ಒಬ್ಬಾಕೆ ಬಗ್ಗಿ ನೋಡಿ, "ಯಕ್ಕಾ, ಜೀವಂತ ಅದಿಯೇನ?" ಅಂದಳು.

"ಅದೀನವ್ವ. ಪೈಪ್ ಬಿಚ್ಚಾಕತ್ತೀನಿ."

"ಗಂಡಸರು ಮ್ಯಾಲೆ ನಿಂತಾರಲ್ಲ, ಅವರೇನು ಮಾಡಾಕತ್ತಾರ?"

"ಕೊಡೆ ಹಿಡದಾರ."

ಆ ಹೆಣ್ಣುಮಕ್ಕಳು ನಕ್ಕ ನಗೆಗೆ ಸಾಹೇಬರೂ ನಕ್ಕುಬಿಟ್ಟರು. ಗಾಳಿ ತೆಗೆದು ಎಂಜಿನ್ ಚಾಲೂ ಆದ ಮೇಲೆ, ಹುಲ್ಲಿನ ಸಿವುಡು ತಂದು ಚಕ್ರಕ್ಕೆ ಕೊಟ್ಟು ದಬ್ಬಿದವರೂ ಆ ಹೆಣ್ಣುಮಕ್ಕಳೇ. ಕಾಲುವೆಯ ಒಡಕಿಗೆ ಮಣ್ಣಿನ ಚೀಲ ಬಿದ್ದದ್ದು ಸಂಜೆಯ ಒಳಗೆ. ಈಗಲೂ ಭತ್ತದ ನಾಟಿ ನೋಡಿದರೆ ಆ ನಗು ನೆನಪಾಗುತ್ತದೆ.

ಹಾಗೇ ವರ್ಷಗಳು ಹೋದವು. ಉಸ್ತಾದರು ನಿವೃತ್ತರಾಗಿ ಲಿಂಗಸುಗೂರು ಸೇರಿದರು. ಹಳೆಯ ಜೀಪುಗಳನ್ನು ಹರಾಜು ಹಾಕಿ, ಗಾಜು ಏರಿಸಿದ ಎಸಿ ಗಾಡಿಗಳನ್ನು ಬಾಡಿಗೆಗೆ ತಂದರು. ಅವುಗಳ ಬಾನೆಟ್ ತೆರೆದರೆ ಮೇಲೊಂದು ಪ್ಲಾಸ್ಟಿಕ್ ಹೊದಿಕೆ. ಎಂಜಿನ್ನೇ ಕಾಣುವುದಿಲ್ಲ. ವೈರು ಚುಚ್ಚಿದರೆ ಅದೇ ತನ್ನ ರೋಗ ಹೇಳುತ್ತದೆ. ಬೇಡವೆಂದಲ್ಲ. ನಾನೂ ಕಲಿತೆ, ನೀವೂ ಕಲಿಯಬೇಕು. ಆದರೆ ಕೊನೆಯ ದಿನಗಳಲ್ಲಿ ವರ್ಕ್‌ಶಾಪಿನಲ್ಲಿ ಸುತ್ತಿಗೆಯ ಸದ್ದೇ ಇರುತ್ತಿರಲಿಲ್ಲ. ಫ್ಯಾನಿನ ಸದ್ದು ಕೇಳುತ್ತ ಕೂರುತ್ತಿದ್ದೆ.

ನಿವೃತ್ತಿಯಾದ ಮೇಲೆ ಅದೂ ಇಲ್ಲ. ಬೆಳಿಗ್ಗೆ ಎದ್ದು ಡಬ್ಬಿ ಕಟ್ಟಿಕೊಂಡು ಬಸ್ ನಿಲ್ದಾಣದ ತನಕ ನಡೆದು ಹೋಗಿ, ಅಲ್ಲಿ ಎಚ್ಚರವಾಗಿ ವಾಪಸು ಬಂದದ್ದುಂಟು. ಮಗಳು ಸುಜಾತಾ ಮಸ್ಕಿಯಲ್ಲೇ ಶಾಲೆಯ ಟೀಚರು, ನನ್ನ ಜೊತೆಗೇ ಇರುತ್ತಾಳೆ. "ಇಷ್ಟು ವರ್ಷ ದುಡದೀದಿ, ಈಗರ ಆರಾಮ ಕುಂದ್ರವ್ವ" ಅನ್ನುತ್ತಿದ್ದಳು. ಆರಾಮ ಕೂರಲು ಬರಬೇಕಲ್ಲ. ಕೈಯ ಗೆರೆಯಲ್ಲಿದ್ದ ಗ್ರೀಸು ತಾನಾಗಿ ಹೋಗತೊಡಗಿತು. ಮೊದಲೆಲ್ಲ ಅದನ್ನು ತಿಕ್ಕಿ ತಿಕ್ಕಿ ತೊಳೆಯುತ್ತಿದ್ದವಳು ಈಗ ಕೈ ನೋಡಿಕೊಂಡು, ಹೋಗಬಾರದಿತ್ತು ಅಂದುಕೊಳ್ಳುತ್ತಿದ್ದೆ.

ಹೀಗಿರುವಾಗ ಸಂಬಂಧಿಕರ ಮನೆಯ ತೊಟ್ಟಿಲು ಕಾರ್ಯಕ್ಕೆಂದು ಸಂತೆಕಲ್ಲೂರಿಗೆ ಹೋಗಿದ್ದೆ. ಆಟೋ ಇಳಿದು ಓಣಿಯಲ್ಲಿ ನಡೆಯುವಾಗ ಒಂದು ಮನೆಯ ಬೇವಿನ ಮರದ ಕೆಳಗೆ ಜೀಪಿನ ಅಸ್ಥಿಪಂಜರವೊಂದು ನಿಂತಿತ್ತು. ಟೈರಿಲ್ಲ, ಕಲ್ಲಿನ ಮೇಲೆ ಕೂತಿದೆ. ಹಿಂದಿನ ಸೀಟಿನಲ್ಲಿ ಕೋಳಿ. ಒಂದು ಕಡೆ ತೊಗರಿ ಕಟ್ಟಿಗೆ ಒಟ್ಟಿದ್ದರು. ಸುಮ್ಮನೆ ದಾಟಿ ಹೋಗುವವಳಿದ್ದೆ, ಮೆಟ್ಟಿಲಿನ ಕಡೆ ಕಣ್ಣು ಹೋಯಿತು. ಬೆಲ್ಲದ ಪಾಕ ಚೆಲ್ಲಿದಂಥ ವೆಲ್ಡಿಂಗು. ಬಿಟ್ಟಿರಲಿಲ್ಲ.

ಅಲ್ಲೇ ಕೂತುಬಿಟ್ಟೆ. ಮನೆಯ ಯಜಮಾನರು ಅಮರೇಗೌಡರು ಗಾಬರಿಯಾಗಿ ನೀರು ತಂದರು. ಹರಾಜಿನಲ್ಲಿ ತಂದು, ಹೊಲಕ್ಕೆ ಗೊಬ್ಬರ ಹೇರಿ ಓಡಿಸುವಷ್ಟು ಓಡಿಸಿ, ಗಿಯರ್‌ಬಾಕ್ಸ್ ಹೋದ ಮೇಲೆ ನಿಲ್ಲಿಸಿದ್ದಂತೆ. ಇದು ನನ್ನ ಗಂಡ ಓಡಿಸಿದ ಗಾಡಿ ಅಂದೆ. ಗೌಡರು ನನ್ನನ್ನೂ ಜೀಪನ್ನೂ ನೋಡಿ, ಸೀಟಿನ ಕೋಳಿಯನ್ನು ಓಡಿಸಿದರು.

"ಒಯ್ಯವ್ವ," ಅಂದರು. "ಕೋಳಿಗೆ ಬ್ಯಾರೆ ಗೂಡು ಮಾಡೋಣಂತ. ನಮ್ಮ ಟ್ರ್ಯಾಕ್ಟರ್ ಹೊಗಿ ಉಗಳಾಕತ್ತೈತಿ, ಅದನ್ನೊಂದು ನೋಡಿಕೊಟ್ಟು ಹೋಗು."

ಟ್ರ್ಯಾಕ್ಟರ್ ಸರಿಮಾಡಿದೆ. ಅದೇ ಟ್ರ್ಯಾಕ್ಟರಿನ ಹಿಂದೆ ಟ್ರಾಲಿಯಲ್ಲಿ ಜೀಪು ಮಸ್ಕಿಗೆ ಬಂತು. ಎಮ್ಮೆ ಕಟ್ಟುತ್ತಿದ್ದ ತಗಡಿನ ಶೆಡ್ಡಿಗೆ ಅದನ್ನು ಮರದ ತುಂಡುಗಳ ಮೇಲೆ ಉರುಳಿಸಿ ದಬ್ಬುವಾಗ ಸುಜಾತಾ ಬಾಗಿಲಲ್ಲಿ ನಿಂತು, "ಈ ವಯಸ್ಸಿನ್ಯಾಗ ಇದೇನವ್ವ ನಿಂದು?" ಅಂದಳು. ನಿಮ್ಮಪ್ಪನ ಗಾಡಿ ಅಂದೆ. ಅವಳಿಗೆ ಅಪ್ಪನ ನೆನಪು ಒಂದೂ ಇಲ್ಲ. ಹತ್ತಿರ ಬಂದು ತುಕ್ಕು ಹಿಡಿದ ಬಾಗಿಲಿನ ಮೇಲೆ ಕೈ ಇಟ್ಟಳು.

ಮೊದಲು ಮಾಡಿದ ಕೆಲಸವೆಂದರೆ ಉಸ್ತಾದರಿಗೆ ಹೇಳಲು ಲಿಂಗಸುಗೂರಿಗೆ ಹೋದದ್ದು. ಹಾಸಿಗೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ನಾನು ಮಾತಾಡಿದರೆ ಬಲಗಿವಿ ಮುಂದೆ ಮಾಡಿ, ಅಂಗೈ ಬಟ್ಟಲು ಮಾಡಿ ಹಿಡಿಯುತ್ತಿದ್ದರು. ಎಡಗಿವಿ ಪೂರ್ತಿ ಹೋಗಿತ್ತು. ಜನ್ಮವಿಡೀ ಎಂಜಿನ್ನಿನ ಪಕ್ಕ ನಿಂತ ಕಿವಿ. ಡಾಕ್ಟರು ಬಲಗಿವಿಯೂ ಉಳಿಯುವುದಿಲ್ಲ ಅಂದಿದ್ದಾರೆ ಎಂದು ಸೊಸೆ ಶಬಾನಾ ಅಡುಗೆಮನೆಯಲ್ಲಿ ನನಗೆ ಹೇಳಿದಳು. ಕಿವಿಯಲ್ಲಿ ಇಡುವ ಮಿಷನ್ ತಂದುಕೊಟ್ಟರೆ, ಅದರ ಗುಂಯ್ ಸದ್ದು ಸರಿಯಿಲ್ಲ, ಬೇರಿಂಗ್ ಸವೆದಿದೆ ಎಂದು ಬೈದು ತೆಗೆದಿಟ್ಟರಂತೆ.

ಜೀಪು ಸಿಕ್ಕಿದ್ದು ಹೇಳಿದಾಗ ಅವರು ಗೋಡೆ ಬಿಟ್ಟು ನೆಟ್ಟಗೆ ಕೂತರು.

"ದೇವಪ್ಪಂದಾ? ಅದೇ ಗಾಡಿ?"

"ಅದೇರಿ ಉಸ್ತಾದ್."

"ಹಂಗಾರ ಬೇಗ ಕಟ್ಟು ಬಸಮ್ಮಾ. ಅದರ ಸದ್ದು ಒಂದ್ಸಲ ಕೇಳಬೇಕು ನಾನು, ಇದು ಬಂದ್ ಆಗೋದ್ರೊಳಗ" ಎಂದು ಬಲಗಿವಿಯನ್ನು ಬೆರಳಿನಿಂದ ಬಡಿದು ತೋರಿಸಿದರು.

ಹಳೆಯ ಗಾಡಿಯನ್ನು ಮನೆಯಲ್ಲಿ ಕಟ್ಟುವುದೆಂದರೆ ಏನು ಎಂದು ನಿಮ್ಮಲ್ಲಿ ಕೆಲವರು ಕೇಳುತ್ತೀರಿ. ಅರ್ಧ ಕೆಲಸ ಬಿಚ್ಚುವುದರಲ್ಲೇ ಇದೆ. ತುಕ್ಕು ಹಿಡಿದ ಬೋಲ್ಟಿಗೆ ಜೋರು ಮಾಡಿದರೆ ಮುರಿಯುತ್ತದೆ. ಎಣ್ಣೆ ಬಿಟ್ಟು, ಬಿಸಿ ಮಾಡಿ, ಸ್ವಲ್ಪ ಬಿಗಿ ಮಾಡಿ ಆಮೇಲೆ ಸಡಿಲಿಸಬೇಕು. ಬಿಚ್ಚಿದ್ದನ್ನು ಬಿಚ್ಚಿದ ಸಾಲಿನಲ್ಲೇ ಗೋಣಿಯ ಮೇಲೆ ಜೋಡಿಸಬೇಕು. ಎಂಜಿನ್ನನ್ನು ಮೂರು ಕಬ್ಬಿಣದ ಕಂಬ ನಿಲ್ಲಿಸಿ, ಚೈನು ಹಾಕಿ ನಾನೇ ಎತ್ತಿದೆ. ಸಿಂಧನೂರಿನ ಹಳೆಯ ಸಾಮಾನಿನ ಅಂಗಡಿಗಳಲ್ಲಿ ದಿನಗಟ್ಟಲೆ ಕೂತು ಪಿಸ್ಟನ್ ಹುಡುಕಿದೆ. ಸಂದೇಹ ಬಂದಾಗ ಉಸ್ತಾದರಿಗೆ ಫೋನು. ಅವರು ಎಂಜಿನ್ ಎದುರಿಗೇ ಇದ್ದ ಹಾಗೆ, ಈ ಕೈ ಹೀಗೆ ಇಡು, ಆ ಕೈ ಹಾಗೆ ಇಡು ಅನ್ನುತ್ತಿದ್ದರು.

ಡ್ರೈವರ್ ಸೀಟಿನ ಕೆಳಗಿನ ತಗಡಿನ ತುಕ್ಕು ಕೆರೆಯುವಾಗ ನಾಲ್ಕು ತೂತು ಸಿಕ್ಕವು. ಸೀಟಿನ ಬೋಲ್ಟು ಕೂರುವ ತೂತುಗಳಿಂದ ಅಂಗೈ ಅಗಲ ಮುಂದಕ್ಕೆ, ಯಾರೋ ಕೈಯಿಂದ ಕೊರೆದದ್ದು. ಮಣ್ಣು, ಬಣ್ಣ, ತುಕ್ಕು ತುಂಬಿ ಮುಚ್ಚಿಹೋಗಿದ್ದವು. ನೋಡಿದ ಕೂಡಲೇ ಗೊತ್ತಾಯಿತು. ದೇವಪ್ಪ ಗಿಡ್ಡ. ಕ್ಲಚ್ಚಿಗೆ ಕಾಲು ನಿಲುಕದೆ ಸೊಂಟ ನೋಯುತ್ತದೆ ಎಂದು ಮನೆಗೆ ಬಂದು ಹೇಳುತ್ತಿದ್ದ, ಒಂದು ದಿನ ಸೀಟು ಮುಂದೆ ಹಾಕಿಸಿಕೊಂಡೆ ಎಂದು ಖುಷಿಯಿಂದ ಬಂದಿದ್ದ. ಅವನ ನಂತರ ಬಂದ ಎತ್ತರದ ಡ್ರೈವರುಗಳು ಸೀಟನ್ನು ಹಿಂದಕ್ಕೆ ಒಯ್ದಿದ್ದಾರೆ. ತೂತು ಮಾತ್ರ ಇದ್ದಲ್ಲೇ ಇವೆ.

ಸುಜಾತಾಳನ್ನು ಕರೆದೆ. ಸೀಟನ್ನು ಆ ತೂತಿಗೆ ಹೊಂದಿಸಿ ಬೋಲ್ಟು ಹಾಕಿ, ಕೂಡು ಅಂದೆ. ಕೂತಳು. ಸ್ಟೇರಿಂಗ್ ಹಿಡಿದಳು, ಕ್ಲಚ್ಚಿನ ಮೇಲೆ ಕಾಲಿಟ್ಟಳು.

"ಅಪ್ಪ ಇಷ್ಟ ಗಿಡ್ಡ ಇದ್ನೇನವ್ವ?"

"ಹೂಂ. ನಿನ್ನಷ್ಟ."

ಅವಳು ಬಹಳ ಹೊತ್ತು ಇಳಿಯಲಿಲ್ಲ. ಅಪ್ಪನ ಫೋಟೋ ನಮ್ಮ ಮನೆಯಲ್ಲಿ ಒಂದಿದೆ, ಎದೆಯ ತನಕ ಮಾತ್ರ. ಅವನ ಎತ್ತರ ಅವಳಿಗೆ ತಿಳಿದದ್ದು ಅವತ್ತೇ. ಮರುದಿನದಿಂದ ಶಾಲೆ ಬಿಟ್ಟು ಬಂದವಳು ಹಳೆಯ ನೈಟಿ ಹಾಕಿಕೊಂಡು ಶೆಡ್ಡಿಗೆ ಬರತೊಡಗಿದಳು. ನನ್ನ ಹತ್ತಿರ ಕಲಿಯಲು ಬಂದವರಲ್ಲಿ ಅವಳೇ ಹೆಚ್ಚು ಪ್ರಶ್ನೆ ಕೇಳಿದವಳು.

ಇನ್ನೇನು ಮುಗಿಯಿತು ಅನ್ನುವಾಗ ನನ್ನಿಂದ ಒಂದು ಎಡವಟ್ಟಾಯಿತು. ಗಿಯರ್‌ಬಾಕ್ಸನ್ನು ಎಂಜಿನ್ನಿಗೆ ಕೂಡಿಸಿ, ಎಲ್ಲ ಬೋಲ್ಟು ಬಿಗಿದು, ಬೆವರು ಒರೆಸಿಕೊಂಡು ತಿರುಗಿ ನೋಡಿದರೆ ಗೋಣಿಯ ಮೇಲೆ ಕ್ಲಚ್ಚಿನ ಬೇರಿಂಗ್ ಕೂತಿದೆ. ಅದು ಒಳಗೆ ಹೋಗಬೇಕಾದ್ದು. ಅದಿಲ್ಲದೆ ಕ್ಲಚ್ ಒತ್ತಿದರೂ ಗಿಯರ್ ಬೀಳುವುದಿಲ್ಲ. ಇದನ್ನು ನಮ್ಮ ವರ್ಕ್‌ಶಾಪಿನಲ್ಲಿ ಎಷ್ಟು ಹೊಸಬರು ಮಾಡಿ ಬೈಸಿಕೊಂಡಿದ್ದರೋ, ನಾನು ಮಾಡಿರಲಿಲ್ಲ. ಸುಜಾತಾ ನಕ್ಕಳು. ನನಗೂ ನಗು ಬಂತು. ನಗುತ್ತಲೇ ಗಿಯರ್‌ಬಾಕ್ಸ್ ಮತ್ತೆ ಇಳಿಸಲು ಹೋದೆ, ಸೊಂಟ ಹಿಡಿದುಕೊಂಡಿತು. ಹಾಸಿಗೆ ಹಿಡಿದೆ.

ಏಳುವಷ್ಟರಲ್ಲಿ ಮಳೆಗಾಲವೇ ಹೋಗಿತ್ತು. ಮಲಗಿದ್ದಾಗ ಒಂದು ದಿನ ಉಸ್ತಾದರಿಗೆ ಫೋನು ಮಾಡಿದೆ. "ಹಲೋ, ಹಲೋ, ಯಾರು?" ಅಂದರು. ನಾನ್ರಿ ಬಸಮ್ಮ ಎಂದು ಕೂಗಿದೆ. "ಹಲೋ, ಯಾರೂ ಮಾತಾಡವಲ್ಲರು ನೋಡು" ಎಂದು ಸೊಸೆಯ ಕೈಗೆ ಫೋನು ಕೊಟ್ಟರು. ಶಬಾನಾ, "ಪೂರಾ ಹೋಗೈತ್ರೀ ಅಕ್ಕಾ" ಅಂದಳು.

ಫೋನು ಇಟ್ಟು ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಗಂಡ ಹೋದಾಗ ಅತ್ತದ್ದು ಬೇರೆ. ಇದು ಬೇರೆ. ಒಂದು ಬೇರಿಂಗಿಗಾಗಿ, ಒಬ್ಬರು ಕೇಳಿದ ಒಂದೇ ಒಂದು ಮಾತನ್ನು ನಡೆಸಿಕೊಡಲು ಆಗಲಿಲ್ಲವಲ್ಲ ಎಂದು ಅತ್ತೆ.

ಆದರೂ ಎದ್ದ ಮೇಲೆ ಕೆಲಸ ಮುಗಿಸಿದೆ. ಗಿಯರ್‌ಬಾಕ್ಸ್ ಇಳಿಸಲು ಈ ಸಲ ಗೌಡರು ಎರಡು ಆಳು ಕಳಿಸಿದರು. ಎಂಜಿನ್ ಮೊದಲ ಸಲ ಚಾಲೂ ಆದ ಬೆಳಿಗ್ಗೆ ಶೆಡ್ಡಿನ ತುಂಬ ಹೊಗೆ. ಸುಜಾತಾ ಕೆಮ್ಮುತ್ತ ಚಪ್ಪಾಳೆ ತಟ್ಟಿದಳು. ನನಗೆ ಮಾತ್ರ, ಈ ಸದ್ದು ಯಾರಿಗೆ ಅನ್ನಿಸಿತು. ಗೌಡರ ಹೆಸರಿನಿಂದ ಕಾಗದಪತ್ರ ನನ್ನ ಹೆಸರಿಗೆ ಬಂದ ಮೇಲೆ, ಒಂದು ಭಾನುವಾರ ನಾನೇ ಜೀಪು ಓಡಿಸುತ್ತ ಲಿಂಗಸುಗೂರಿನ ದಾರಿ ಹಿಡಿದೆ. ಎರಡೂ ಕಡೆ ಜೋಳ ತೆನೆ ಬಿಟ್ಟಿತ್ತು. ಸುಜಾತಾ ಪಕ್ಕದಲ್ಲಿ ಕೂತು ಕೂದಲು ಹಾರಲು ಬಿಟ್ಟಿದ್ದಳು. ದೇವಪ್ಪ ಈ ಕಿಟಕಿಯಿಂದಲೇ ಜೋಳ ನೋಡುತ್ತಿದ್ದನಲ್ಲ ಎಂದು ದಾರಿಯುದ್ದಕ್ಕೂ ಅನ್ನಿಸಿತು. ಅವನ ಪಕ್ಕ ಕೂತು ಒಮ್ಮೆಯೂ ಹೋಗಲಿಲ್ಲ ನಾನು.

ಉಸ್ತಾದರು ಮನೆಯ ಮುಂದೆ ಕುರ್ಚಿ ಹಾಕಿಕೊಂಡು ಬಿಸಿಲು ಕಾಯಿಸಿಕೊಳ್ಳುತ್ತ ಕೂತಿದ್ದರು. ಜೀಪು ಕಂಡು ಎದ್ದು ನಿಂತರು. ಕೋಲು ಊರುತ್ತ ಒಂದು ಸುತ್ತು ಹಾಕಿದರು. ಟೈರು ಒದ್ದು ನೋಡಿದರು, ಬಾಗಿಲು ತೆರೆದು ಮುಚ್ಚಿದರು. ಆಮೇಲೆ ಬಾನೆಟ್ಟಿನ ಎದುರಿಗೆ ಬಂದು ನನ್ನ ಕಡೆ ನೋಡಿ ಹೇಳಿದರು.

"ಚಾಲೂ ಮಾಡು, ನೋಡೋಣು."

ಎಂಜಿನ್ ಓಡುತ್ತಲೇ ಇತ್ತು.

ಶಬಾನಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ನಾನು ಅವರ ಕೈ ಹಿಡಿದು ಬಾನೆಟ್ಟಿನ ಮೇಲೆ ಇಟ್ಟೆ. ತಗಡಿನ ನಡುಕ ಕೈಗೆ ತಾಗಿದ ಕೂಡಲೇ ಅವರ ಮುಖ ಬದಲಾಯಿತು. ಸುಮ್ಮನೆ ನಿಂತರು. ಹಾಗೆ ಅವರು ಸುಮ್ಮನೆ ನಿಂತದ್ದನ್ನು ನಾನು ವರ್ಕ್‌ಶಾಪಿನಲ್ಲಿ ಸಾವಿರ ಸಲ ನೋಡಿದ್ದೆ, ಇಷ್ಟು ಹೊತ್ತು ನಿಂತದ್ದನ್ನು ನೋಡಿರಲಿಲ್ಲ.

"ನಡುಗೋದು ಗೊತ್ತಾತು," ಅಂದರು. "ಸದ್ದು ಹೆಂಗೈತಿ? ನೀ ಹೇಳು."

ಬಾಯಿಂದ ಹೇಳಿದರೆ ಅದು ಅವರಿಗೆ ಮುಟ್ಟುವುದು ಹೇಗೆ? ಅವರ ಅಂಗೈಯನ್ನು ಮೇಲೆ ಮಾಡಿ ಹಿಡಿದು, ಹಲಗಿ ಬಾರಿಸುವವರ ಹಾಗೆ ಎರಡು ಬೆರಳಿನಿಂದ ಬಡಿಯತೊಡಗಿದೆ. ಎಂಜಿನ್ನಿನಷ್ಟು ವೇಗ ಬೆರಳಿಗೆ ಎಲ್ಲಿಂದ ಬಂದೀತು. ಅದರ ಸದ್ದಿನಲ್ಲಿ ನಡುನಡುವೆ ಒಂದು ಭಾರದ ಪೆಟ್ಟು ಇರುತ್ತದೆ, ಅದನ್ನಷ್ಟೇ ಹಿಡಿದು ಬಡಿದೆ. ಉಸ್ತಾದರು ತಲೆ ಬಗ್ಗಿಸಿ ತಮ್ಮ ಅಂಗೈಯನ್ನೇ ನೋಡುತ್ತಿದ್ದರು.

"ಹಾಂ," ಅಂದರು. "ಹಾಂ, ಹಾಂ." ಸ್ವಲ್ಪ ಹೊತ್ತಿನ ಮೇಲೆ, "ಜರಾ ಜಾಸ್ತಿ ಆಗೈತಿ. ನಿಧಾನ ಮಾಡು."

ನಾನು ಬೆರಳು ನಿಧಾನ ಮಾಡಿದೆ. ಅವರು ಸರಕ್ಕನೆ ಕೈ ಎಳೆದುಕೊಂಡು, ಹಳೆಯ ದೊಡ್ಡ ದನಿಯಲ್ಲಿ ಬೈದರು.

"ನಿನ್ನ ಬೆರಳಲ್ಲ ಬಸಮ್ಮಾ! ಎಂಜಿನ್ನು!"

ಬಾನೆಟ್ ಎತ್ತಿದೆ. ಪಂಪಿನ ಪಕ್ಕದ ತಿರುಪನ್ನು ಕಾಲು ಸುತ್ತು ತಿರುಗಿಸಿದೆ. ಎಂಜಿನ್ನಿನ ವೇಗ ಇಳಿದು, ತನ್ನ ನಡಿಗೆಗೆ ಬಂತು. ಅವರು ಹೇಳಿದ್ದು ಸರಿಯಿತ್ತು, ಜಾಸ್ತಿಯೇ ಇಟ್ಟಿದ್ದೆ. ತಿರುಗಿ ನೋಡಿದರೆ ಉಸ್ತಾದರು ಕೈ ಚಾಚಿಕೊಂಡು ಕಾಯುತ್ತಿದ್ದರು. ಅದರ ಮೇಲೆ ಈಗಿನ ಸದ್ದನ್ನು ಬಡಿದು ತೋರಿಸಿದೆ.

"ಈಗ ಬರೋಬರ್" ಅಂದರು.

ಸುಜಾತಾ ಇಳಿದು ಹಿಂದೆ ಹೋಗಿ ಕೂತಳು. ಉಸ್ತಾದರು ಕೋಲನ್ನು ಅವಳ ಕೈಗೆ ಕೊಟ್ಟು, ಮೆಲ್ಲಗೆ ಹತ್ತಿ ನನ್ನ ಪಕ್ಕದಲ್ಲಿ ಕೂತು, ನಡಿ ಎಂದು ಕೈ ಮಾಡಿದರು.